ಮಂಜರಾಬಾದಿನ ಕಾಫಿ ದೊರೆ ನಮ್ಮ ಮುತ್ತಜ್ಜಿಯ ಅಪ್ಪ. ಹಳೇ ದಾಖಲೆಯಲ್ಲಿ ಹುಡುಕುವುದು ಎಲ್ಲಿಂದ?

ಹಾನುಬಾಳು ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಾ ಕೂತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಅಜ್ಜಿ, ಅಂದರೆ ಅಮ್ಮನ ತಾಯಿ, ಹುಟ್ಟಿದ್ದು 1921ರಲ್ಲಿ, ಸಕಲೇಶಪುರ ತಾಲೂಕಿನ ಹಾನುಬಾಳು ಕಡೆ. ಅವರ ತಾಯಿಯನ್ನು ಊರಲ್ಲಿ ‘ದೊರೆ ಮಗಳು’ ಅಂತಲೇ ಕರೆಯುತ್ತಿದ್ದರಂತೆ. ಅಡ್ಡಹೆಸರಲ್ಲ, ನಿಜವಾಗಲೂ ದೊರೆ ಮಗಳೇ. ಕಾಫಿ ತೋಟದ ಬಿಳಿ ದೊರೆಗೂ ಅಲ್ಲೇ ಇದ್ದ ನಮ್ಮ ಕಡೆಯ ಹೆಂಗಸಿಗೂ ಹುಟ್ಟಿದವರು. ಅಜ್ಜಿಗೆ ಬೆಕ್ಕಿನ ಕಣ್ಣಿತ್ತು. ನನ್ನ ತಮ್ಮನಿಗೂ ಬಂದಿದೆ. ಮದುವೆ ಮನೆಯಲ್ಲಿ ಯಾರಾದರೂ ‘ಈ ಕಣ್ಣು ಯಾರ ಕಡೆದು?’ ಅಂತ ಕೇಳಿದರೆ ಅಮ್ಮ ತಕ್ಷಣ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಬಿಡುತ್ತಿದ್ದರು.

ಅಜ್ಜಿ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕು ನನಗೆ ಬಂತು. ಅದರಲ್ಲಿ ಒಂದು ಬೆಳ್ಳಿ ಚಮಚ ಇದೆ, ಹಿಡಿಯ ಮೇಲೆ ಇಂಗ್ಲಿಷಿನ ಎರಡು ಅಕ್ಷರ, ಜೆ ಮತ್ತು ಎಂ. ಜೊತೆಗೆ ಅರ್ಧ ಹರಿದ ಒಂದು ಕಾಗದ. ಅಚ್ಚು ಹಾಕಿದ ಗೆರೆ, ಅದರೊಳಗೆ ಶಾಯಿಯಲ್ಲಿ ಬರೆದಿದ್ದಾರೆ. ಓದಲು ಆಗುವುದು ಇಷ್ಟೇ: ‘ಮಂಜರಾಬಾದ್’, ‘1889’, ‘ಕಾಫಿ ಪ್ಲಾಂಟರ್’. ಹೆಸರಿದ್ದ ಭಾಗವೇ ಹರಿದು ಹೋಗಿದೆ.

ಆ ತೋಟ ಈಗಲೂ ಇದೆ. ಹೆಸರು ಇಲ್ಲಿ ಹಾಕುವುದಿಲ್ಲ, ಈಗಿನ ಮಾಲೀಕರಿಗೆ ಮುಜುಗರ ಬೇಡ. ಆಸ್ತಿ ಕೇಳುವ ಯೋಚನೆ ಖಂಡಿತ ಇಲ್ಲ. ಆ ದೊರೆ ಯಾರು, ಎಲ್ಲಿಯವನು, ತೋಟ ಅವನ ಕೈಯಿಂದ ಯಾರಿಗೆ ಹೋಯಿತು, ಅವನ ಕಡೆಯವರು ಯಾರಾದರೂ ಇದ್ದಾರಾ, ಇಷ್ಟು ಗೊತ್ತಾದರೆ ಸಾಕು. ಎಲ್ಲಿಂದ ಶುರು ಮಾಡಲಿ?

ಸುಮ್ನೆ ಓದುಗ:

ಮೇಡಂ, ಇದು ಸಾಬೀತಾದರೆ ನಿಮ್ಮ ತಮ್ಮನಿಗೆ ಬ್ರಿಟನ್ ವೀಸಾ ಸಿಗುತ್ತಾ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಎಡಿನ್‌ಬರೋ ಗೌಡ:

ಸಿಗಲ್ಲ ಸ್ವಾಮಿ. ಆ ವೀಸಾಕ್ಕೆ ನಿಮ್ಮ ಸ್ವಂತ ಅಜ್ಜ ಅಥವಾ ಅಜ್ಜಿ ಬ್ರಿಟನ್ನಿನಲ್ಲಿ ಹುಟ್ಟಿರಬೇಕು. ಅಜ್ಜಿಯ ಅಜ್ಜನವರೆಗೆ ಅದು ಹೋಗುವುದಿಲ್ಲ. ಮೇಡಂ, ನಾನು ಇಲ್ಲೇ ಸ್ಕಾಟ್ಲೆಂಡಿನಲ್ಲಿದ್ದೇನೆ. ಇವತ್ತು ಕೆಲಸ ಇದೆ, ರಾತ್ರಿ ವಿವರವಾಗಿ ಬರೆಯುತ್ತೇನೆ.

ದಫ್ತರದ ಇಲಿ:

ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಹಳೇ ಕಡತದ ಧೂಳು ಕುಡಿದವನು ನಾನು. ಹೆಸರು ನೋಡಿದರೇ ಗೊತ್ತಾಗುತ್ತದೆ ಅಲ್ವಾ.

ಮೊದಲು ಊರಿನ ಹೆಸರು ಸರಿ ಮಾಡಿಕೊಳ್ಳಿ. ‘ಸಕಲೇಶಪುರ’ ಅಂತ ಹುಡುಕಿದರೆ ಆ ಕಾಲದ ಕಾಗದ ಸಿಗುವುದಿಲ್ಲ. ಆಗ ಅದು ಮಂಜರಾಬಾದ್ ತಾಲೂಕು. ಇಂಗ್ಲಿಷರು ಇದನ್ನು ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ನಡುವೆ ಒಮ್ಮೆ ‘ಎ’, ಒಮ್ಮೆ ‘ಯು’, ಒಮ್ಮೆ ‘ಜೆ’ ಇದ್ದರೆ ಇನ್ನೊಮ್ಮೆ ‘ಝಡ್’. ಎಲ್ಲ ರೂಪದಲ್ಲೂ ಹುಡುಕಬೇಕು. ಇನ್ನೊಂದು ಗುಂಡಿ ಇದೆ. 1882ರಿಂದ 1886ರವರೆಗೆ ಹಾಸನ ಜಿಲ್ಲೆಯಾಗಿರಲಿಲ್ಲ, ಕಡೂರು ಜಿಲ್ಲೆಯ ಕೆಳಗೆ ಸೇರಿಸಿದ್ದರು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. ಹಾಗಾಗಿ ಆ ನಾಲ್ಕು ವರ್ಷದ ನಿಮ್ಮ ತೋಟದ ಕಾಗದ ಕಡೂರಿನ ಕಟ್ಟಿನಲ್ಲಿ ಮಲಗಿರಬಹುದು.

ಎರಡನೆಯದು, ಅದು ಯಾರ ರಾಜ್ಯ ಅನ್ನುವುದು. ಜನ ‘ಬ್ರಿಟಿಷರ ಕಾಲ’ ಅಂದುಬಿಡುತ್ತಾರೆ. ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ನೇರವಾಗಿ ಆಳಿದ್ದು 1831ರಿಂದ 1881ರವರೆಗೆ. ಆಮೇಲೆ ಒಡೆಯರಿಗೆ ವಾಪಸ್ ಬಂತು. ನಿಮ್ಮ ದೊರೆ 1889ರಲ್ಲಿ ಮಹಾರಾಜರ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ ಒಬ್ಬ ಖಾತೆದಾರ, ಅಷ್ಟೇ. ಅದಕ್ಕೇ ಅವನ ಜಮೀನಿನ ಕಾಗದ ಲಂಡನ್ನಿನಲ್ಲಿ ಇರುವುದಿಲ್ಲ, ಇಲ್ಲೇ ಇರುತ್ತದೆ. ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ, ವಿಧಾನಸೌಧದಲ್ಲೇ. ಬ್ರಿಟಿಷ್ ರೆಸಿಡೆಂಟರ, ಅಂದರೆ ಮೈಸೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ ಜೊತೆ ನಡೆದ ಪತ್ರವ್ಯವಹಾರ ಬೇಕಾದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ. ಅವರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಜಮೀನಿನ ದಾರಿ ಹಿಡಿಯುವುದಾದರೆ ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಪಹಣಿಯಲ್ಲಿ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಮ್ಯುಟೇಶನ್, ಅದಕ್ಕೂ ಹಿಂದೆ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಮೂಲ ಸರ್ವೆಯ ಟಿಪ್ಪಣಿ. ಮಾರಾಟ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ನಕಲು. ಅಲ್ಲಿ ದೊರೆಗಳ ಹೆಸರು ಕನ್ನಡದಲ್ಲಿ ಇರುತ್ತದೆ, ಶಾನುಭೋಗರ ಕಿವಿಗೆ ಹೇಗೆ ಬಿತ್ತೋ ಹಾಗೆ. ನಾನು ಒಂದು ಕಡತದಲ್ಲಿ ‘ಮಿಡಲಟನು ದೊರೆಯವರು’ ಅಂತ ನೋಡಿದ್ದೇನೆ. ಅದೇ ಮನುಷ್ಯ ಮುಂದಿನ ಪುಟದಲ್ಲಿ ‘ಮಿಡ್ಲಟಿನ್ನು’.

ಹೆಸರೇ ಗೊತ್ತಿಲ್ಲದಿದ್ದರೆ ಥ್ಯಾಕರ್ಸ್ ಡೈರೆಕ್ಟರಿ ತೆಗೆಯಿರಿ. ವರ್ಷಕ್ಕೊಂದು ಬರುತ್ತಿದ್ದ ದಪ್ಪ ಪುಸ್ತಕ. ತೋಟದ ಹೆಸರು, ಮಾಲೀಕ, ಮ್ಯಾನೇಜರ್ ಎಲ್ಲ ಪಟ್ಟಿ ಇದೆ. ಕೆಲವು ವರ್ಷದ್ದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 1889ರ ಆಚೀಚೆ ಒಂದೈದು ವರ್ಷ ನೋಡಿ, ಜೆ. ಎಂ. ಅಕ್ಷರದವರು ಯಾರಿದ್ದಾರೆ ಅಂತ.

ಕಾಕ್ಸ್‌ಟೌನ್ ಆಂಟಿ:

ಮಗಳೇ, ಆ ಹರಿದ ಕಾಗದ ಏನು ಅಂತ ನನಗೆ ಗೊತ್ತಾಯಿತು. ನಮ್ಮದು ಆಂಗ್ಲೋ ಇಂಡಿಯನ್ ಮನೆ, ಇಂಥ ಕಾಗದ ನೋಡಿಕೊಂಡೇ ಬೆಳೆದವಳು ನಾನು. ಅದು ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟು. ಅಚ್ಚಿನ ಕಾಲಮ್ಮುಗಳು ಯಾವಾಗಲೂ ಒಂದೇ ಕ್ರಮ: ಜ್ಞಾನಸ್ನಾನದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ತಂದೆತಾಯಿ ಹೆಸರು, ವಾಸದ ಊರು, ತಂದೆಯ ಉದ್ಯೋಗ, ಕೊನೆಗೆ ಪಾದ್ರಿಯ ಸಹಿ. ನಿಮ್ಮಲ್ಲಿ ಊರು ಮತ್ತು ಉದ್ಯೋಗ ಉಳಿದಿದೆ, ಅಂದರೆ ಬಲಗಡೆ ಅರ್ಧ. ಎಡಗಡೆ ಹರಿದಿದೆ. ಸರಿ ತಾನೇ?

ಹರಿದದ್ದಕ್ಕೆ ಬೇಸರ ಬೇಡ. ಇಲ್ಲಿನ ಪಾದ್ರಿಗಳು ತಮ್ಮ ರಿಜಿಸ್ಟರಿನ ನಕಲನ್ನು ಮದ್ರಾಸಿಗೆ ಕಳಿಸಬೇಕಿತ್ತು. ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಮೈಸೂರು, ಕೊಡಗು ಎರಡೂ ಮದ್ರಾಸಿನ ಪಟ್ಟಿಯಲ್ಲೇ ಬರುತ್ತವೆ. ಆ ನಕಲು ಈಗಲೂ ಇದೆ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮನಸ್ಸಿಗೆ ಕಷ್ಟ ಆಗಬಾರದು. ನನ್ನ ತಾತನ ಜ್ಞಾನಸ್ನಾನದ ದಾಖಲೆ ಸಿಕ್ಕಿದ ದಿನ ನಾವೆಲ್ಲ ಕೇಕ್ ತಂದಿದ್ದೆವು. ತೆಗೆದು ನೋಡಿದರೆ ತಂದೆ ಹೆಸರು ಮೂರು ಪದ, ಚೆಂದದ ಕೈಬರಹ. ತಾಯಿಯ ಜಾಗದಲ್ಲಿ ‘ಎ ನೇಟಿವ್ ವುಮನ್’. ಅಷ್ಟೇ. ಅವಳಿಗೆ ಒಂದು ಹೆಸರು ಇತ್ತು, ಅವನು ದಿನಾ ಕರೆಯುತ್ತಿದ್ದ, ಪಾದ್ರಿ ಎದುರಿಗೆ ಅದು ಬಾಯಿಗೆ ಬರಲಿಲ್ಲ.

ನಿಮ್ಮ ಮುತ್ತಜ್ಜಿಯನ್ನು ಯಾವುದಾದರೂ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ದರಾ? ಇಂಥ ಮಕ್ಕಳನ್ನು ತೋಟದಿಂದ ದೂರ ಕಳಿಸುವುದು ರೂಢಿ. ಡಾರ್ಜಿಲಿಂಗ್, ಅಸ್ಸಾಂ ಕಡೆಯ ಟೀ ತೋಟದ ಮಕ್ಕಳಿಗೆ ಅಂತಲೇ 1900ರಲ್ಲಿ ಕಾಲಿಂಪಾಂಗಿನಲ್ಲಿ ಗ್ರಹಾಂ ಪಾದ್ರಿ ಒಂದು ಆಶ್ರಮ ತೆರೆದರು. ಅಲ್ಲಿಂದ ನ್ಯೂಜಿಲೆಂಡಿಗೆ ಹೋದವರೂ ಇದ್ದಾರೆ. ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರು ದಂಡು ಪ್ರದೇಶದ ಶಾಲೆಗಳಿಗೆ ಬರುತ್ತಿದ್ದರು.

ಅಂದಹಾಗೆ, ಮುತ್ತಜ್ಜಿಯ ತಾಯಿಯ ಹೆಸರೇನು? ನೀವು ಬರೆದದ್ದರಲ್ಲಿ ಎಲ್ಲೂ ಕಾಣಲಿಲ್ಲ.

ಹಾನುಬಾಳು ಮೊಮ್ಮಗಳು:

ಆಂಟಿ, ಹೌದು, ಎಡಗಡೆಯೇ ಹರಿದಿರುವುದು. ಶಾಲೆಗೆ ಹೋದ ಸುದ್ದಿ ಇಲ್ಲ. ಮುತ್ತಜ್ಜಿ ಬೆಳೆದದ್ದು ಹಳ್ಳಿಯಲ್ಲೇ, ಹೆಬ್ಬೆಟ್ಟು ಒತ್ತುತ್ತಿದ್ದರು. ಮನೆಯಲ್ಲಿ ‘ಮರಿಯಮ್ಮ’ ಅಂತ ಕರೆಯುತ್ತಿದ್ದರಂತೆ.

ಕೊನೆಯ ಪ್ರಶ್ನೆಗೆ ಅಮ್ಮನಿಗೆ ಈಗಷ್ಟೇ ಫೋನ್ ಮಾಡಿದೆ. ಅವರಿಗೂ ಗೊತ್ತಿಲ್ಲ. ಚಿಕ್ಕಮ್ಮನಿಗೂ ಗೊತ್ತಿಲ್ಲ. ನಾನು ಇಷ್ಟು ವರ್ಷ ಚಮಚ ತಿಕ್ಕುತ್ತಾ ಕೂತಿದ್ದೆ, ಇದನ್ನು ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ಎಡಿನ್‌ಬರೋ ಗೌಡ:

ರಾತ್ರಿ ಅಂದಿದ್ದೆ, ಮೂರು ದಿನ ಆಯಿತು. ಕ್ಷಮಿಸಿ.

ಆಂಟಿ ಹೇಳಿದ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಕಚೇರಿ) ದಾಖಲೆಗಳ ಜೊತೆ ಇವೆ. ಅದರಲ್ಲಿ ‘ಎನ್’ ಅಂತ ಒಂದು ಸಾಲು. ಎನ್-1 ಬಂಗಾಳ, ಎನ್-2 ಮದ್ರಾಸ್, ಎನ್-3 ಬಾಂಬೆ. ನಿಮಗೆ ಬೇಕಾದ್ದು ಎನ್-2. ಜ್ಞಾನಸ್ನಾನ, ಮದುವೆ, ಹೂಳಿದ್ದು, ಮೂರೂ ಇರುತ್ತದೆ. ಲಂಡನ್ನಿಗೆ ಬರಬೇಕಾಗಿಲ್ಲ. ಫ್ಯಾಮಿಲಿಸರ್ಚ್‌ನಲ್ಲಿ ಪಟ್ಟಿ ಪುಕ್ಕಟೆ, ಫೈಂಡ್‌ಮೈಪಾಸ್ಟ್‌ನಲ್ಲಿ ಪುಟದ ಚಿತ್ರವೇ ಸಿಗುತ್ತದೆ, ಆದರೆ ದುಡ್ಡು ಕಟ್ಟಬೇಕು. ಫಿಬಿಸ್ ಅಂತ ಒಂದು ಸಂಘ ಇದೆ, ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವವರದ್ದೇ. ಅವರ ದತ್ತಾಂಶವೂ ಪುಕ್ಕಟೆ. ಮೊದಲು ಅಲ್ಲಿ ನೋಡಿ, ಆಮೇಲೆ ದುಡ್ಡು ಬಿಚ್ಚಿ. ಲೈಬ್ರರಿಯ ಸ್ವಂತ ಜಾಲತಾಣವನ್ನೇ ನಂಬಿ ಕೂರಬೇಡಿ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿ ಆಗಿ ತಿಂಗಳುಗಟ್ಟಲೆ ಕ್ಯಾಟಲಾಗೇ ಇರಲಿಲ್ಲ.

ಎರಡು ಎಚ್ಚರಿಕೆ. ತೋಟದಲ್ಲೇ ಸತ್ತು ತೋಟದಲ್ಲೇ ಮಣ್ಣಾದವರು ತುಂಬಾ ಜನ. ಪಾದ್ರಿ ಎಷ್ಟೋ ಮೈಲಿ ದೂರ, ಮಳೆಗಾಲ, ಹೊಳೆ ತುಂಬಿದೆ. ಪಕ್ಕದ ತೋಟದ ದೊರೆಯೇ ಬೈಬಲ್ ಓದಿ ಮಣ್ಣು ಮಾಡಿ ಮುಗಿಸುತ್ತಿದ್ದ. ಅದು ರಿಜಿಸ್ಟರಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ತೋಟದೊಳಗೆ ಗೋರಿ ಇದೆಯಾ ಅಂತ ಹಳೇ ಆಳುಗಳನ್ನು ಕೇಳಿ. ಇನ್ನೊಂದು, ಅವನು ಸ್ಕಾಟ್ ಆಗಿದ್ದರೆ ಇಂಗ್ಲೆಂಡಿನ ಉಯಿಲು ಪಟ್ಟಿಯಲ್ಲಿ ಮಾತ್ರ ಹುಡುಕಿ ಬಿಡಬೇಡಿ. ಹೊರದೇಶದಲ್ಲಿ ಸತ್ತ ಸ್ಕಾಟರ ಉಯಿಲು ಎಡಿನ್‌ಬರೋ ಕೋರ್ಟಿಗೆ ಬರುತ್ತಿತ್ತು, ಸ್ಕಾಟ್ಲೆಂಡಿನಲ್ಲಿ ಏನಾದರೂ ಹಣಕಾಸು ಇದ್ದರೆ. 1925ರವರೆಗಿನ ಉಯಿಲುಗಳು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿವೆ. ತೋಟ ಕಂಪನಿ ಹೆಸರಿನಲ್ಲಿದ್ದರೆ ಇನ್ನೂ ಸುಲಭ. ಮುಚ್ಚಿಹೋದ ಕಂಪನಿಗಳ ಕಡತ ಇಲ್ಲಿ ಎಡಿನ್‌ಬರೋದಲ್ಲಿ ಬಿಟಿ-2 ಅಂತ, ಲಂಡನ್ನಿನದಾದರೆ ಅಲ್ಲಿನ ಕ್ಯೂ ಅನ್ನುವ ಜಾಗದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಬಿಟಿ-31 ಅಂತ. ಪಾಲುದಾರರ ಹೆಸರು, ವಿಳಾಸ, ಯಾರಿಗೆ ಎಷ್ಟು ಷೇರು, ಎಲ್ಲ ಅದರಲ್ಲಿ.

ಡಿಎನ್‌ಎ ಪರೀಕ್ಷೆಯನ್ನೂ ಯೋಚಿಸಿ. ಅಜ್ಜಿಯ ಅಜ್ಜ ಅಂದರೆ ನಿಮ್ಮಲ್ಲಿ ಸರಾಸರಿ ನೂರಕ್ಕೆ ಆರು ಪಾಲು ಅವನದು. ನಿಮ್ಮ ಅಮ್ಮನಲ್ಲಿ ಅದರ ಎರಡರಷ್ಟು. ಅದಕ್ಕೇ ಮಾಡಿಸುವುದಾದರೆ ನಿಮ್ಮದಲ್ಲ, ಅಮ್ಮನದು ಮಾಡಿಸಿ.

ಥ್ಯಾಕರ್ಸ್‌ನಲ್ಲಿ ಹೆಸರು ಸಿಕ್ಕರೆ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಶನಿವಾರ ನನಗೆ ಬೇರೆ ಕೆಲಸ ಇಲ್ಲ.

ಕುಶಾಲನಗರ ಕುಟ್ಟ:

ಕೊಡಗಿನವನ ಎರಡು ಮಾತು. ಯುರೋಪಿಯನ್ನರ ಕಾಫಿ ಅಂದರೆ ಮೊದಲು ಕೊಡಗು. ನಮ್ಮ ದಾಖಲೆಗಳನ್ನು ಮೊದಲು ನೋಡಿ.

ದಫ್ತರದ ಇಲಿ:

ಕುಟ್ಟಣ್ಣ, ಕೋಪ ಬೇಡ. ಚಿಕ್ಕಮಗಳೂರಿನ ಹತ್ತಿರ ಕ್ಯಾನನ್ ದೊರೆಯ ತೋಟ ಎದ್ದದ್ದು 1830ರ ಆಸುಪಾಸು. ಮಂಜರಾಬಾದಿಗೆ ಗ್ರೀನ್ ದೊರೆ ಬಂದದ್ದು 1843. ಕೊಡಗಿನಲ್ಲಿ ಫೌಲರ್ ದೊರೆ ಶುರು ಮಾಡಿದ್ದು 1854. ಈಗ ದಯವಿಟ್ಟು ಯಾರೂ ಬಾಬಾಬುಡನ್ ಅವರ ಏಳು ಬೀಜದ ಕಥೆ ಹೇಳಬೇಡಿ.

ಕುಶಾಲನಗರ ಕುಟ್ಟ:

ಸರಿ ಸರಿ, ‘ಯುರೋಪಿಯನ್ನರ’ ಅಂತ ಹಾಕಿ ಸಿಕ್ಕಿಬಿದ್ದೆ. ನಮ್ಮವರು ಫೌಲರಿಗೂ ಮೊದಲೇ ಹಿತ್ತಲಲ್ಲಿ ಕಾಫಿ ಬೆಳೆಯುತ್ತಿದ್ದರು ಅನ್ನುವುದನ್ನಾದರೂ ಬಿಟ್ಟುಕೊಡಿ.

ಹೇಳಬೇಕೆಂದಿದ್ದದ್ದು ಬೇರೆ. ಇದನ್ನು ಓದುವವರಲ್ಲಿ ಕೊಡಗಿನ ದೊರೆಗಳನ್ನು ಹುಡುಕುವವರಿದ್ದರೆ, ಮೈಸೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಡಗು 1834ರಿಂದ ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. ಜಮೀನಿನ ಬಗೆಯೇ ಬೇರೆ. ದೊರೆ ತೋಟಗಳ ಪಹಣಿಯಲ್ಲಿ ‘ರಿಡೀಮ್ಡ್ ಸಾಗು’ ಅಂತ ಕಂಡರೆ, ಆ ಕಾಲದಲ್ಲಿ ಒಂದೇ ಗಂಟು ದುಡ್ಡು ಕಟ್ಟಿ ಬಿಡಿಸಿಕೊಂಡ ಜಮೀನು ಅಂತ ಅರ್ಥ. ಆ ಒಂದು ಪದ ಕಂಡರೆ ಹಿಂದೆ ಒಂದು ಕಡತ ಇದ್ದೇ ಇರುತ್ತದೆ, ಕಟ್ಟಿದವನ ಹೆಸರಿನ ಸಮೇತ. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರದ ಮ್ಯೂಸಿಯಂ. ರಿಜಿಸ್ಟರ್ ಕೇಳಿಕೊಂಡು ಅಲ್ಲಿಗೆ ಹೋದರೆ ಟಿಕೆಟ್ ಕೊಟ್ಟು ವಿಗ್ರಹ ತೋರಿಸುತ್ತಾರೆ. ನನಗೆ ಆಗಿದೆ.

ಹಾನುಬಾಳು ಮೊಮ್ಮಗಳು:

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಸಿಕ್ಕಿತು! ಇಲಿ ಸರ್, ನಿಮ್ಮ ಥ್ಯಾಕರ್ಸ್‌ಗೆ ದೊಡ್ಡ ನಮಸ್ಕಾರ. ತೋಟದ ಹೆಸರಿನ ಮುಂದೆಯೇ ಜೆ. ಎಂ. ಇದ್ದ. ಉಳಿದದ್ದನ್ನು ಗೌಡರು ಶನಿವಾರಗಳಲ್ಲಿ ಹುಡುಕಿ ಕೊಟ್ಟರು.

ಅವನು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ರೈತರ ಮನೆಯವನು. ಮನೆಯ ನಾಲ್ಕನೇ ಮಗ. ಸತ್ತದ್ದು 1898ರಲ್ಲಿ, ತೋಟದಲ್ಲೇ, ಕಾರಣ ‘ಜ್ವರ’. ಅದೇ ಹೊತ್ತಿಗೆ ಬ್ರೆಜಿಲ್ ಕಾಫಿ ಹೆಚ್ಚಾಗಿ ಬೆಲೆ ಬಿದ್ದಿತ್ತು ಅಂತ ಗೌಡರು ಹೇಳಿದರು. ಉಯಿಲಿನ ಜೊತೆ ಒಂದು ಲೆಕ್ಕದ ಪಟ್ಟಿ ಇದೆ. ಲಂಡನ್ನಿನ ಮಿನ್ಸಿಂಗ್ ಲೇನಿನಲ್ಲಿ ಮಾರಾಟಕ್ಕೆ ಕೂತಿದ್ದ ಕಾಫಿ, ಒಂದು ಜೇಬು ಗಡಿಯಾರ, ಎರಡು ಬಂದೂಕು, ಒಂದು ಜೀನು. ತೋಟದ ಮೇಲೆ ಸಾಲ. ಎಲ್ಲ ಅಣ್ಣನ ಮಗನಿಗೆ. ಆ ಅಣ್ಣನ ಮಗ ಈ ಕಡೆ ತಲೆಯನ್ನೂ ಹಾಕಲಿಲ್ಲ, ಎರಡೇ ವರ್ಷದಲ್ಲಿ ಮಾರಿದ.

ಜ್ಞಾನಸ್ನಾನದ ಪುಟವೂ ಸಿಕ್ಕಿತು. ಮಗು ಮೇರಿ. ತಂದೆ ಹೆಸರು ಪೂರ್ತಿ. ತಾಯಿಯ ಜಾಗದಲ್ಲಿ ಆಂಟಿ ಹೇಳಿದಷ್ಟೂ ಇಲ್ಲ. ಒಂದು ಅಡ್ಡಗೆರೆ, ಅಷ್ಟೇ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ, ಗೆರೆ ದಪ್ಪ ಆಯಿತೇ ಹೊರತು ಬೇರೇನೂ ಕಾಣಲಿಲ್ಲ.

ಉಯಿಲಿನ ಕೊನೆಯಲ್ಲಿ ಒಂದು ಸಾಲಿದೆ. ‘ನನ್ನ ಬಂಗ್ಲೆಯ ಹೆಂಗಸಿಗೆ 300 ರೂಪಾಯಿ’. ಅಲ್ಲೂ ಹೆಸರಿಲ್ಲ. ಮೇರಿಯ ಸುದ್ದಿಯೇ ಇಲ್ಲ.

ತೋಟಕ್ಕೂ ಹೋಗಿ ಬಂದೆ. ಮೊದಲು ಗೇಟಿನಲ್ಲೇ ತಡೆದರು. ಆಸ್ತಿಗೆ ಬಂದವಳಲ್ಲ ಅಂತ ಮೂರು ಸಲ ಹೇಳಿದ ಮೇಲೆ ಮಾಲೀಕರ ತಾಯಿ ಒಳಗೆ ಕರೆದು ಕಡುಬು ಕೊಟ್ಟರು. ಗೋರಿ ಇದೆ! ಸಿಲ್ವರ್ ಓಕ್ ಮರದ ಬುಡದಲ್ಲಿ, ಪಾಚಿ ಕಟ್ಟಿದೆ. ಕಾಫಿ ಕೊಯ್ಲು ಶುರು ಮಾಡುವ ದಿನ ಆಳುಗಳು ಅಲ್ಲೊಂದು ಕಾಯಿ ಒಡೆಯುತ್ತಾರಂತೆ. ‘ದೊರೆಗೆ ಚುಟ್ಟ ಇಟ್ಟರೆ ಹುಲಿ ಕಾಟ ಇಲ್ಲ’ ಅಂತ ಒಬ್ಬ ಅಜ್ಜ ಹೇಳಿದ. ಅವನ ಬಂಗ್ಲೆಯಲ್ಲಿದ್ದವಳು ಯಾರು ಅಂದರೆ ಅಜ್ಜನಿಗೆ ಗೊತ್ತಿಲ್ಲ.

ರೈಟರ್ ಮೊಮ್ಮಗ:

ನಮ್ಮ ತಾತ ಮೂಡಿಗೆರೆ ಕಡೆಯ ದೊರೆ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಅವರ ಕಾಲದ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ ನಾಲ್ಕು ನಮ್ಮ ಅಟ್ಟದಲ್ಲಿವೆ. ನಿಮ್ಮ ಕಥೆ ಓದಿ ಕೆಳಗಿಳಿಸಿದೆ.

ಚೆಕ್‌ರೋಲ್‌ನಲ್ಲಿ ಮೇಸ್ತ್ರಿಯ ಹೆಸರು ಮೇಲೆ ದೊಡ್ಡದಾಗಿ ಇರುತ್ತದೆ. ಅವನ ಕೆಳಗೆ ಗಂಡಾಳು, ಹೆಣ್ಣಾಳು, ಚಿಕ್ಕಾಳು, ಅವರ ದಿನದ ಗೆರೆ. ಹೆಚ್ಚಿನವರು ಘಟ್ಟದ ಕೆಳಗಿನಿಂದ ಮುಂಗಡ ತೆಗೆದುಕೊಂಡು ಬಂದವರು. ಹೆಸರು ಇದೆ, ಆದರೆ ಯಾವ ಊರು, ಯಾರ ಮಗಳು ಅಂತ ಇಲ್ಲ. ‘ಚೋಮು’, ‘ಚೋಮು ಸಣ್ಣ’, ‘ಚೋಮು ಕುಂಟ’. ಒಬ್ಬರನ್ನು ಹಿಡಿಯಬೇಕಾದರೆ ಮೇಸ್ತ್ರಿಯನ್ನು ಹಿಡಿಯಬೇಕು. ಅವನ ಮನೆಯವರು ಇನ್ನೂ ಅಲ್ಲೇ ಇದ್ದರೆ ಅವರಿಗೆ ಗೊತ್ತಿರುತ್ತದೆ.

ಆದರೆ ಬಂಗ್ಲೆಯೊಳಗೆ ಇದ್ದವರು ಚೆಕ್‌ರೋಲ್‌ಗೆ ಬರುವುದಿಲ್ಲ. ಬಟ್ಲರು, ಅಡಿಗೆಯವನು, ಕುದುರೆ ನೋಡುವವನು, ಅವರ ಸಂಬಳ ದೊರೆಯ ಸ್ವಂತ ಲೆಕ್ಕ. ನಿಮ್ಮವರು ಮೊದಲು ಹೊರಗೆ ಕೊಯ್ಲಿಗೆ ಬಂದು ಆಮೇಲೆ ಒಳಗೆ ಹೋದವರಾ, ಅದೂ ಗೊತ್ತಿಲ್ಲ ಅಲ್ವಾ.

ದಫ್ತರದ ಇಲಿ:

ಮಗಳೇ, ನೀನು ಎರಡು ತಿಂಗಳಿಂದ ದೊರೆಯ ಜಮೀನಿನ ಕಾಗದ ಹುಡುಕುತ್ತಿದ್ದೀಯ. ನಿಮ್ಮ ಜಮೀನಿನದು ನೋಡಿದ್ದೀಯಾ?

ಅಜ್ಜಿ ಹುಟ್ಟಿದ್ದು ಹಾನುಬಾಳು ಕಡೆ ಅಂದೆ. ಮುತ್ತಜ್ಜಿ ತೋಟ ಬಿಟ್ಟು ಎಲ್ಲೂ ಹೋಗಲಿಲ್ಲ, ಹಳ್ಳಿಯಲ್ಲೇ ಬೆಳೆದರು ಅಂದೆ. ಎಲ್ಲಿ ಇದ್ದರು? ಏನು ಉಂಡರು? ಆ ಮನೆ, ಗದ್ದೆ ಯಾರದು? ಇಂಗ್ಲಿಷರ ರಿಜಿಸ್ಟರಿನಲ್ಲಿ ಹೆಂಗಸರ ಹೆಸರು ಬಿಟ್ಟು ಹೋಗಬಹುದು. ಶಾನುಭೋಗ ಬಿಡುವುದಿಲ್ಲ. ಅವನಿಗೆ ಕಂದಾಯ ಬೇಕು. ಒಂದು ಗುಂಟೆ ಇದ್ದರೂ ಯಾರದೋ ಹೆಸರು ಬರೆಯಲೇಬೇಕು.

300 ರೂಪಾಯಿ ಅಂದರೆ ಆ ಕಾಲಕ್ಕೆ ಸಣ್ಣ ದುಡ್ಡಲ್ಲ. ಅದು ಅವಳ ಕೈಗೆ ಬಂದಿದ್ದರೆ ಏನಾದರೂ ಆಗಿರಬೇಕು. ಮನೆಯಲ್ಲಿ ಹಳೇ ಪತ್ರ ಯಾರ ಹತ್ತಿರ ಇವೆ?

ಹಾನುಬಾಳು ಮೊಮ್ಮಗಳು:

ಸೋದರಮಾವನ ಹತ್ತಿರ ಸರ್. ಗಾಡ್ರೆಜ್ ಬೀರುವಿನಲ್ಲಿ. ಆದರೆ ಆ ಗದ್ದೆ ವಿಚಾರಕ್ಕೇ ಅಮ್ಮನಿಗೂ ಮಾವನಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ. ನೋಡೋಣ.

ಸುಮ್ನೆ ಓದುಗ:

ಈಗ ಕಥೆ ಶುರುವಾಯಿತು. ನಾನು ಎಲ್ಲೂ ಹೋಗುವುದಿಲ್ಲ.

ಹಾನುಬಾಳು ಮೊಮ್ಮಗಳು:

ಹೋಗಿದ್ದೆ. ಮಾವ ಮೊದಲು ‘ನಿನ್ನಮ್ಮ ಕಳಿಸಿದ್ದಾಳಾ?’ ಅಂದರು. ಗೋರಿಯ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಬೀಗದ ಕೈ ಕೊಟ್ಟರು. ಅತ್ತೆ ಕಾಫಿ ಇಟ್ಟರು. ನಾಲ್ಕು ಗಂಟೆ ಕೂತೆ.

ಬೀರುವಿನ ತಳದಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ದಾನಪತ್ರ. ಛಾಪಾ ಕಾಗದ, 1909ನೇ ಇಸವಿ. ಮಡಿಚಿದ ಕಡೆಯೆಲ್ಲ ಸೀಳಿದೆ. ಮೊದಲ ಸಾಲು ಓದಿ ನನ್ನ ಕೈ ಹಾಗೇ ನಿಂತಿತು. ‘ರಂಗಿ ಕೋಂ’, ಅಂದರೆ ಇಂಥವರ ಹೆಂಡತಿ ರಂಗಿ, ಅಂತ ಬರೆದು, ಗಂಡನ ಹೆಸರು ಬರೆಯಬೇಕಾದ ಕಡೆ ಎರಡು ಬೆರಳಿನಷ್ಟು ಖಾಲಿ ಜಾಗ ಬಿಟ್ಟಿದ್ದಾರೆ. ಅಡ್ಡಗೆರೆ ಕೂಡ ಇಲ್ಲ. ಆಮೇಲೆ ‘ನನ್ನ ಮಗಳು ಮೇರಿ ಉರುಫ್ ಮರಿಯಮ್ಮನಿಗೆ ಬರೆದುಕೊಟ್ಟ ದಾನಪತ್ರ’.

ಎರಡು ಎಕರೆ ಹತ್ತು ಗುಂಟೆ ಗದ್ದೆ. ಚಕ್ಕುಬಂದಿ: ಪೂರ್ವಕ್ಕೆ ದೊರೆ ತೋಟದ ಬೇಲಿ, ಪಶ್ಚಿಮಕ್ಕೆ ಹಳ್ಳ. ಅಮ್ಮನೂ ಮಾವನೂ ಜಗಳ ಆಡುತ್ತಿರುವುದು ಇದೇ ಗದ್ದೆಗೆ! ‘1899ನೇ ಇಸವಿಯಲ್ಲಿ ನಾನು ಸ್ವಂತ ದುಡಿಮೆಯಿಂದ ಕ್ರಯಕ್ಕೆ ಪಡೆದು ಸ್ವಾಧೀನದಲ್ಲಿರುವ’ ಅಂತ ಬರೆದಿದೆ. ದೊರೆ ಸತ್ತದ್ದು 1898. ದುಡ್ಡು ಆ 300 ರೂಪಾಯಿಯೇ ಇರಬೇಕು ಅಂತ ನನಗೆ ಅನುಮಾನ. ಆದರೆ ರಂಗಿ ‘ಸ್ವಂತ ದುಡಿಮೆ’ ಅಂತಲೇ ಬರೆಸಿದ್ದಾಳೆ. ಅವಳು ಹೇಳಿದ್ದೇ ಸರಿ ಅಂತ ಇಟ್ಟುಕೊಂಡಿದ್ದೇನೆ.

ಒಂದು ಕಡೆ ಓದಲು ಆಗುತ್ತಿಲ್ಲ, ಇಲಿ ಸರ್ ಸಹಾಯ ಬೇಕು. ಪತ್ರದ ಕೊನೆಯಲ್ಲಿ ಹೆಬ್ಬೆಟ್ಟಿಲ್ಲ, ಸಹಿಯೂ ಇಲ್ಲ. ಶಾಯಿಯಲ್ಲಿ ಒಂದು ದುಂಡು ಸುತ್ತು. ಅದರ ಎಡಕ್ಕೆ ‘ರಂಗಿ’. ಬಲಕ್ಕೆ ಎರಡಕ್ಷರ, ಆಮೇಲೆ ‘ನಿಶಾನಿ’. ಆ ಎರಡಕ್ಷರ ‘ಬಾಳೆ’ ಅಂತ ಓದುತ್ತಿದ್ದೇನೆ, ಮಾವ ‘ಬೇಲಿ’ ಅನ್ನುತ್ತಿದ್ದಾರೆ. ಫೋಟೋ ನಿಮಗೆ ಕಳಿಸಿದ್ದೇನೆ.

ದಫ್ತರದ ಇಲಿ:

ಬಾಳೆಯೂ ಅಲ್ಲ, ಬೇಲಿಯೂ ಅಲ್ಲ. ‘ಬಳೆ ನಿಶಾನಿ’.

ಬರೆಯಲು ಬಾರದವರು ತಮ್ಮ ಗುರುತು ಹಾಕುತ್ತಿದ್ದರು. ನಾನು ನೋಡಿದ ಹಳೇ ಪತ್ರಗಳಲ್ಲಿ ಉಳುವವನು ನೇಗಿಲು ಬರೆದದ್ದಿದೆ, ಹೆಂಗಸರು ಬಳೆ ಬರೆದದ್ದಿದೆ. ಪಕ್ಕದಲ್ಲಿ ಪತ್ರ ಬರೆದವನು ಇದು ಇಂಥವರ ಗುರುತು ಅಂತ ಅಕ್ಷರ ಹಾಕುತ್ತಾನೆ. ಸುತ್ತು ಮಾತ್ರ ಅವಳ ಕೈಯದೇ.

ಹಾನುಬಾಳು ಮೊಮ್ಮಗಳು:

ಸುತ್ತು ಪೂರ್ತಿ ಸೇರಿಲ್ಲ ಸರ್. ಕೊನೆಯಲ್ಲಿ ಸ್ವಲ್ಪ ಬಾಯಿ ಬಿಟ್ಟಿದೆ, ಶಾಯಿ ಮುಗಿದಿರಬೇಕು.

ನಿನ್ನೆ ಅಮ್ಮನನ್ನು ಮಾವನ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಇಬ್ಬರೂ ಗದ್ದೆ ಮಾತು ಎತ್ತಲಿಲ್ಲ. ‘ರಂಗಿ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೆಸರಿಟ್ಟಿಲ್ಲವಲ್ಲ’ ಅಂತ ಮಾವ ಅಂದರು. ಅಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಸೋಮವಾರ 1899ರ ಕ್ರಯಪತ್ರದ ನಕಲಿಗೆ ಅರ್ಜಿ ಹಾಕುತ್ತೇನೆ. ಅವಳಿಗೆ ಗದ್ದೆ ಮಾರಿದವರು ಯಾರು, ಎಷ್ಟಕ್ಕೆ ಮಾರಿದರು ಅಂತ ನೋಡಬೇಕು. ಅರ್ಜಿಯಲ್ಲಿ ಸರ್ವೆ ನಂಬರ್ ಜೊತೆ ಬೇರೇನು ಬರೆಯಬೇಕು ಸರ್?

ದಫ್ತರದ ಇಲಿ:

ಖರೀದಿದಾರರ ಹೆಸರು ಬರಿ. ‘ರಂಗಿ’ ಅಂತ. ‘ಕೋಂ’ ಹಾಕಬೇಡ.